ಒಂದು ಪದವೂ ತಪ್ಪದ ಬುಧವಾರಗಳು

ಈ ಸಲ ನಮ್ಮ ಕನ್ನಡ ಬಳಗದ ಯುಗಾದಿ ಊಟಕ್ಕೆ ರೂಪಾ ಬುಕ್ ಮಾಡಿದ್ದು ನಮ್ಮ ಊರಾದ ಬಾಥೆಲ್‌ನ ಒಂದು ಚರ್ಚಿನ ಹಾಲ್. “ದೊಡ್ಡ ಕಿಚನ್ ಇದೆ, ಬೇಕಾದಷ್ಟು ಪಾರ್ಕಿಂಗ್ ಇದೆ, ಇನ್ನೇನ್ರೀ ಬೇಕು ನಮಗೆ?” ಎಂದು ಫೋನಿನಲ್ಲಿ ಹೇಳಿದರು. ಐದು ವರ್ಷದ ಹಿಂದೆ ಇದೇ ಹಾಲಿಗೆ ನನ್ನ ಮಗಳು ಕಾಲಿಡುತ್ತಾಳೆಂದು ಗೊತ್ತಾದಾಗ ನನ್ನನ್ನು ಕೂರಿಸಿಕೊಂಡು ಬುದ್ಧಿ ಹೇಳಿದವರು ಇದೇ ರೂಪಾ. ಈಗ ಅವರೇ ಸ್ಟೂಲ್ ಹತ್ತಿ ಬಾಗಿಲಿಗೆ ಪ್ಲಾಸ್ಟಿಕ್ ಮಾವಿನ ತೋರಣ ಕಟ್ಟುತ್ತಿದ್ದರು, ತೋರಣ ಸೊಟ್ಟಗಿದೆಯಾ ನೋಡಿ ಅಂತ ನನ್ನನ್ನೇ ಕೇಳಿದರು.

ಕೋಸಂಬರಿಯ ಪಾತ್ರೆ ಹಿಡಿದು ಒಳಗೆ ಕಾಲಿಟ್ಟೆ. ನೆಲಕ್ಕೆ ಹಾಕಿದ ಪಾಲಿಶ್, ತಳ ಹತ್ತಿದ ಪಾಪ್‌ಕಾರ್ನ್, ಗಂಟೆಗಟ್ಟಲೆ ಕುದ್ದ ಕಾಫಿ, ಈ ಮೂರೂ ಸೇರಿದ ವಾಸನೆ ಮುಖಕ್ಕೆ ಹೊಡೆಯಿತು. ಒಳಗೆ ಬಿಸಿಬೇಳೆಬಾತಿಗೆ ಒಗ್ಗರಣೆ ಬೀಳುತ್ತಿತ್ತು, ಆದರೂ ಆ ವಾಸನೆ ಜಗ್ಗಲಿಲ್ಲ. ಹಳೆಯದು ನೆನಪಾದರೆ ಕೆಲವರಿಗೆ ಕಣ್ಣು ತುಂಬುತ್ತದಂತೆ. ನನಗೆ ಸಿಟ್ಟು ಬರುತ್ತದೆ. ನೆಲದ ಮೇಲೆ ಕೆಂಪು, ನೀಲಿ, ಹಸಿರು, ಹಳದಿ ಟೇಪಿನಲ್ಲಿ ಅಂಟಿಸಿದ ದೊಡ್ಡ ವೃತ್ತ ಹಾಗೆಯೇ ಇತ್ತು. ಅದರ ಮೇಲೆ ನಮ್ಮ ಕನ್ನಡದ ಮಕ್ಕಳು ರೇಷ್ಮೆ ಲಂಗ ಎತ್ತಿಕೊಂಡು ಓಡುತ್ತಿದ್ದರು. ಪಾತ್ರೆಯನ್ನು ಮೇಜಿನ ಮೇಲೆ ಇಟ್ಟು, ನನ್ನ ಕುರ್ಚಿ ಇರುತ್ತಿದ್ದ ಮೂಲೆಯನ್ನು ಒಮ್ಮೆ ನೋಡಿ ಬಂದೆ.

ಆ ವರ್ಷ ನಾವು ಫ್ಯಾಕ್ಟೋರಿಯಾ ಬಡಾವಣೆಯ ಅಪಾರ್ಟ್‌ಮೆಂಟ್ ಬಿಟ್ಟು ಬಾಥೆಲ್‌ಗೆ ಬಂದಿದ್ದೆವು. ನನ್ನ ಆಫೀಸು ಫ್ಯಾಕ್ಟೋರಿಯಾದಲ್ಲೇ ಇತ್ತು, ಅಪಾರ್ಟ್‌ಮೆಂಟಿನಿಂದ ನಡೆದೇ ಹೋಗಿಬರುತ್ತಿದ್ದೆ. ಅಂಥ ಸುಖವನ್ನು ಬಿಟ್ಟು ದಿನಾ ನಾನೂರೈದನೇ ಹೆದ್ದಾರಿಯಲ್ಲಿ ಹೋಗುತ್ತ ಒಂದು ಗಂಟೆ, ಬರುತ್ತ ಒಂದು ಗಂಟೆ ಬ್ರೇಕು ಒತ್ತುತ್ತ ಕೂರುವ ಬಾಳನ್ನು ಆರಿಸಿಕೊಂಡದ್ದು ಒಳ್ಳೆಯ ಸ್ಕೂಲಿಗಾಗಿ. ಸ್ಕೂಲು ಒಳ್ಳೆಯದೇ ಇತ್ತು. ಆದರೆ ಹತ್ತು ವರ್ಷದ ಸಿರಿಗೆ ಅಲ್ಲಿ ಒಬ್ಬರೂ ಗೊತ್ತಿರಲಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಇವಳ ಜೊತೆ ಲಿಫ್ಟಿನಲ್ಲಿ ಹತ್ತಿಳಿಯುತ್ತಿದ್ದ ತೆಲುಗು, ತಮಿಳು ಹುಡುಗಿಯರೆಲ್ಲ ಅಲ್ಲೇ ಉಳಿದರು. ಆ ಸೆಪ್ಟೆಂಬರಿನಲ್ಲಿ ಕಾಡ್ಗಿಚ್ಚಿನ ಹೊಗೆ ಬೇರೆ ಕವಿದಿತ್ತು. ಮಕ್ಕಳನ್ನು ಹೊರಗೆ ಬಿಡಬೇಡಿ ಎಂದು ದಿನಾ ಸ್ಕೂಲಿನಿಂದ ಮೆಸೇಜು. ಹೊಸ ಮನೆಯ ಬೀದಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದೂ ನಮಗೆ ತಿಳಿಯಲಿಲ್ಲ.

ಅಕ್ಟೋಬರಿನಲ್ಲಿ ಟೀಚರನ್ನು ನೋಡಲು ಹೋದಾಗ ಆಕೆ ಮಗಳನ್ನು ಬಾಯಿ ತುಂಬ ಹೊಗಳಿದರು. ಒಂದು ತಂಟೆ ಇಲ್ಲ, ತಕರಾರಿಲ್ಲ, ಲಂಚ್ ಬಾಕ್ಸನ್ನು ತೆಗೆದುಕೊಂಡು ಲೈಬ್ರರಿಗೆ ಹೋಗಿ ಒಬ್ಬಳೇ ಕೂತು ಓದುತ್ತ ತಿನ್ನುತ್ತಾಳೆ, ದಿನಾಲೂ ಅಂದರು. ಅದನ್ನು ಅವರು ಮೆಚ್ಚುಗೆಯಾಗಿಯೇ ಹೇಳಿದ್ದು. ನನ್ನ ಗಂಡ ನಾಗೇಶ ಕೂಡ ಕಾರಿಗೆ ಬಂದು, “ನೋಡ್ದಾ, ಓದೋ ಹುಡ್ಗಿ” ಅಂದ. ಊಟಕ್ಕೆ ಜೊತೆಯಿಲ್ಲದ ಮಗುವನ್ನು ಓದುವ ಹುಡುಗಿ ಅಂದರೆ ಆಯಿತೇ?

ಅದೇ ವಾರ ಎಮಿಲಿ ಬಂದಳು. ಸಿರಿಯ ಸ್ಕೂಲಿನದೇ ಹುಡುಗಿ, ಅವಳದು ನಮ್ಮದೇ ಬೀದಿಯ ಕೊನೆಯ ಮನೆ. ಆ ಚಳಿಯಲ್ಲಿ ಬರಿಗಾಲಲ್ಲಿ ನಿಂತು, ಮುಂದಿನ ಎರಡು ಹಲ್ಲಿನ ನಡುವಿನ ಸಂದಿ ಕಾಣುವಂತೆ ನಕ್ಕು, ಒಂದೇ ಉಸಿರಿಗೆ ಎಲ್ಲ ಹೇಳಿದಳು. ಚರ್ಚಿನಲ್ಲಿ ಬುಧವಾರ ಬುಧವಾರ ಸಂಜೆ ಮಕ್ಕಳ ಕ್ಲಬ್ಬು, ಆಟ, ಪಾಪ್‌ಕಾರ್ನ್, ಹಾಕಿಕೊಳ್ಳಲು ಒಂದು ವೇಸ್ಟ್‌ಕೋಟು, ಬೈಬಲ್ಲಿನ ಸಾಲುಗಳನ್ನು ಬಾಯಿಪಾಠ ಮಾಡಿದರೆ ಅದರ ಮೇಲೆ ಬ್ಯಾಡ್ಜು, ಹೊಸಬರನ್ನು ಕರೆತಂದವರಿಗೆ ಪಾಯಿಂಟು. ಸಿರಿ ತಿರುಗಿ ನನ್ನನ್ನು ನೋಡಿದಳು. ಆ ಮುಖ ನೋಡಿ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

ಬೇಡವೆನ್ನುವವರು ಬೇಕಾದಷ್ಟು ಜನ ಇದ್ದರು. ರೂಪಾ ಅಂದೇ ಫೋನ್ ಮಾಡಿದರು. ಕನ್ನಡ ಬಳಗದಲ್ಲಿ ಯಾರ ಮನೆಯಲ್ಲಿ ಏನಾಯಿತೆಂದು ಮೊದಲು ಗೊತ್ತಾಗುವುದು ಅವರಿಗೇ.

“ರೀ ಲತಾ, ಫ್ರೀಯಾಗಿ ಯಾಕ್ರೀ ಮಾಡ್ತಾರೆ ಅವ್ರು ಇದೆಲ್ಲ? ಯೋಚ್ನೆ ಮಾಡಿ. ಚಿಕ್ಕ ಮಕ್ಳು, ಬ್ರೈನ್‌ವಾಶ್ ಮಾಡ್ಬಿಡ್ತಾರೆ ಕಣ್ರೀ.”

“ಬಾಯಿಪಾಠ ತಾನೇ ರೂಪಾ? ನಿಮ್ಮ ಶ್ಲೋಕದ ಕ್ಲಾಸಲ್ಲೂ ಅದೇ ಅಲ್ವಾ?”

“ಅದೂ ಇದೂ ಒಂದೇನಾ? ನಾಳೆ ಮಗು ಬಂದು ನಿಮ್ಮ ದೇವ್ರಿಗೆ ಕೈ ಮುಗಿಯಲ್ಲ ಅಂದ್ರೆ ಏನ್ಮಾಡ್ತೀರಾ?”

ಶ್ಲೋಕದ ಕ್ಲಾಸಿನಲ್ಲಿ ಸಿರಿಗೆ ಜೊತೆಯಾದ ಹುಡುಗಿ ಯಾರಿದ್ದಾರೆ ಹೇಳಿ ಎಂದು ಕೇಳಬೇಕೆನಿಸಿತು. ಸಿರಿಯನ್ನು ಕಳಿಸಲಾ ಎಂದು ನಾಗೇಶನನ್ನು ಕೇಳಿದೆ. ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, “ನಿನ್ನಿಷ್ಟ ಕಣೆ” ಅಂದ. ಮನೆ ಕೊಳ್ಳುವಾಗಲೂ ಅದೇ, ಸೋಫಾ ಬಣ್ಣಕ್ಕೂ ಅದೇ, ಮಗಳ ಧರ್ಮಕ್ಕೂ ಅದೇ. ಆ ಎರಡು ಪದ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಹೀಗೆ ಬುಧವಾರಗಳು ಶುರುವಾದವು. ಆಫೀಸಿನಿಂದ ಬೇಗ ಹೊರಟು, ಮಳೆಯಲ್ಲಿ ತೆವಳುವ ಕಾರುಗಳ ನಡುವೆ ತೆವಳಿ ಮನೆಗೆ ಬಂದು, ಸಿರಿಗೂ ಎಮಿಲಿಗೂ ಏನಾದರೂ ತಿನ್ನಿಸಿ ಚರ್ಚಿಗೆ ಬಿಡುವ ಹೊತ್ತಿಗೆ ಸಾಕುಸಾಕಾಗುತ್ತಿತ್ತು. ಬಿಟ್ಟು ಮನೆಗೆ ಹೋದರೆ ಕೂತು ಕಾಫಿ ಕುಡಿಯುವಷ್ಟರಲ್ಲಿ ಮತ್ತೆ ಕರೆತರಲು ಹೊರಡಬೇಕು. ಹಾಗಾಗಿ ನಾನು ಅಲ್ಲೇ ಕಾರಿಡಾರಿನ ಬೆಂಚಿನಲ್ಲಿ ಕೂತು ಆಫೀಸಿನ ಮೇಲ್ ನೋಡುತ್ತಿದ್ದೆ. ಮೇಲಿನ ಮಹಡಿಯಲ್ಲಿ ಹೈಸ್ಕೂಲಿನ ಮಕ್ಕಳು ಹಳೆಯ ಸೋಫಾಗಳ ಮೇಲೆ ಬಿದ್ದುಕೊಂಡು ಗಿಟಾರು ಬಾರಿಸುತ್ತಿದ್ದರು. ಕೆಳಗಿನ ಹಾಲಿನಲ್ಲಿ ಸಣ್ಣವರು ಆ ಬಣ್ಣದ ವೃತ್ತದ ಸುತ್ತ ಕಿರುಚುತ್ತ ಓಡುತ್ತಿದ್ದರು. ಆಟ ಮುಗಿದ ಮೇಲೆ ಒಬ್ಬೊಬ್ಬರೇ ಪುಸ್ತಕ ಹಿಡಿದು ದೊಡ್ಡವರ ಮುಂದೆ ನಿಂತು, ಆ ವಾರ ಕಲಿತ ಸಾಲುಗಳನ್ನು ಒಪ್ಪಿಸಬೇಕಿತ್ತು.

ಕ್ಲಬ್ಬನ್ನು ನಡೆಸುತ್ತಿದ್ದವರು ಕ್ಯಾರಲ್. ಕಡಲ ದಡದ ಮುಕಿಲ್ಟಿಯೊ ಊರಿನವರು, ವಿಮಾನ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಎತ್ತರದ ಹೆಂಗಸು. ಅವರ ಮುಖದ ಮೇಲಿನ ನಗು ಮಾತ್ರ ನಿವೃತ್ತಿಯಾಗಿರಲಿಲ್ಲ. ಏನು ಹೇಳಿದರೂ ನಗು, ಮಳೆ ಬಂದರೂ ನಗು, ಹುಡುಗನೊಬ್ಬ ಕಾರ್ಪೆಟ್ಟಿನ ಮೇಲೆ ಜ್ಯೂಸ್ ಚೆಲ್ಲಿದರೂ ನಗು. ಒಂದು ಬುಧವಾರ ಪಾಠ ಒಪ್ಪಿಸಿಕೊಳ್ಳುವವರು ಇಬ್ಬರು ಬಂದಿರಲಿಲ್ಲ. ಕ್ಯಾರಲ್ ಕಾರಿಡಾರಿಗೆ ಬಂದು ನನ್ನನ್ನೇ ಕರೆದರು.

“ನಾನು ಹಿಂದೂ. ಪರವಾಗಿಲ್ಲವಾ?” ಎಂದೆ.

“ಮಕ್ಕಳು ಹೇಳುತ್ತಾರೆ, ನೀವು ಪುಸ್ತಕ ನೋಡುತ್ತ ಕೇಳಿದರೆ ಸಾಕು. ಇಲ್ಲಿ ಕೂತು ಫೋನ್ ನೋಡುವುದಕ್ಕಿಂತ ವಾಸಿಯಲ್ಲವಾ?” ಎಂದರು, ನಗುತ್ತಲೇ.

ಒಂದು ಸಲಕ್ಕೆಂದು ಹೋದವಳನ್ನು, ಮುಂದಿನ ವಾರ ನನ್ನ ಪೂರ್ವಾಪರವನ್ನೆಲ್ಲ ವಿಚಾರಿಸಿಕೊಂಡು, ಖಾಯಂ ಮಾಡಿದರು. ಮೂಲೆಯಲ್ಲಿ ನನಗೊಂದು ಕುರ್ಚಿ ಬಂತು. ಮಂಡ್ಯದ ನಮ್ಮ ಸ್ಕೂಲಿನಲ್ಲಿ ಪದ್ಯ ಒಪ್ಪಿಸುವುದೆಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದಕ್ಷರ ತಪ್ಪಿದರೂ ಮೇಷ್ಟ್ರು ಕೈ ಎತ್ತಿ ನಿಲ್ಲಿಸುತ್ತಿದ್ದರು, ಮತ್ತೆ ಮೊದಲಿನಿಂದ ಹೇಳಬೇಕಿತ್ತು. ನಾನೂ ಹಾಗೇ ಮಾಡಿದೆ. ಪುಸ್ತಕದ ಮೇಲೆ ಬೆರಳಿಟ್ಟು ಪದಪದವನ್ನೂ ನೋಡುತ್ತಿದ್ದೆ. ಸಾಲುಗಳ ಅರ್ಥ ನನಗೆ ಅರ್ಧಂಬರ್ಧ, ಆದರೆ ಪದ ಬಿಟ್ಟುಹೋದರೆ ತಿಳಿಯುತ್ತಿತ್ತಲ್ಲ. ತಪ್ಪಿದರೆ ಕೈ ಎತ್ತುತ್ತಿದ್ದೆ. ಮಕ್ಕಳು ಕಣ್ಣು ಕಣ್ಣು ಬಿಡುತ್ತಿದ್ದರು. ಬೇರೆ ಕುರ್ಚಿಗಳ ಮುಂದೆ ಉದ್ದನೆಯ ಸಾಲು, ನನ್ನ ಕುರ್ಚಿಯ ಮುಂದೆ ಯಾರೂ ಇಲ್ಲ. ಕ್ಯಾರಲ್ ಬಂದು ಮೆಲ್ಲಗೆ ಹೇಳಿದರು, “ಲತಾ, ಮಕ್ಕಳಿಗೆ ಎರಡು ಸಲ ನೆನಪು ಮಾಡಿಕೊಡಬಹುದು. ನಿಯಮದಲ್ಲೇ ಇದೆ.”

“ನೆನಪು ಮಾಡಿಕೊಟ್ಟರೆ ಅದು ಬಾಯಿಪಾಠ ಹೇಗಾಗುತ್ತದೆ?”

ಕ್ಯಾರಲ್ ನಕ್ಕರು. ಡಿಸೆಂಬರಿನ ಹೊತ್ತಿಗೆ ಒಂದು ತಮಾಷೆ ನಡೆಯಿತು. ಜೋರಿನ ಹುಡುಗರು ಬೇಕೆಂದೇ ನನ್ನ ಕುರ್ಚಿಗೆ ಬರತೊಡಗಿದರು. ಲತಾ ಹತ್ತಿರ ಪಾಸಾದೆ ಎಂದು ಹೇಳಿಕೊಳ್ಳುವುದು ಅವರಲ್ಲೇ ಒಂದು ಜಂಬವಾಯಿತು. ಎಲ್ಲರಿಗಿಂತ ಹೆಚ್ಚು ಪಾಸಾದವಳು ಸಿರಿ. ನನ್ನ ಮಗಳೆಂದು ನಾನು ಒಂದು ಪದವನ್ನೂ ಬಿಟ್ಟುಕೊಟ್ಟವಳಲ್ಲ.

ಆ ಚಳಿಗಾಲದಲ್ಲಿ ನನ್ನ ಪ್ರಾಣ ತಿಂದದ್ದು ವೇಷದ ಬುಧವಾರಗಳು. ಒಂದು ವಾರ ಎಲ್ಲರೂ ಬಟ್ಟೆಯನ್ನು ಹಿಂದುಮುಂದಾಗಿ ಹಾಕಿಕೊಂಡು ಬರಬೇಕು, ಒಂದು ವಾರ ವಿಚಿತ್ರ ಟೋಪಿ, ಒಂದು ವಾರ ರಾತ್ರಿಯ ಪೈಜಾಮ. ಸಿರಿಗೆ ಇದು ನೆನಪಾಗುತ್ತಿದ್ದುದು ಯಾವಾಗಲೂ ಬುಧವಾರ ಬೆಳಗ್ಗೆ, ನಾನು ಕಾರಿನ ಬಾಗಿಲು ಹಾಕುವಾಗ. ಜನವರಿಯಲ್ಲಿ ಬಂತು ಅವಳಿ-ಜವಳಿ ವೇಷ. ಇಬ್ಬಿಬ್ಬರು ಮಕ್ಕಳು ಜೋಡಿಯಾಗಿ ಥೇಟ್ ಒಂದೇ ಥರ ಬರಬೇಕು. ಎಮಿಲಿ ತನ್ನ ಜೋಡಿಯಾಗಿ ಆರಿಸಿಕೊಂಡದ್ದು ಸಿರಿಯನ್ನು. ಅಷ್ಟರಲ್ಲಾಗಲೇ ನಾನು ಲಂಚ್ ಬಾಕ್ಸಿಗೆ ಇಬ್ಬರಿಗಾಗುವಷ್ಟು ಚಿತ್ರಾನ್ನ ಹಾಕತೊಡಗಿದ್ದೆ, ಎಮಿಲಿಗೆ ಅದರಲ್ಲಿನ ಕಡಲೆಕಾಯಿಬೀಜದ ಹುಚ್ಚು ಹಿಡಿದಿತ್ತು. ಸಿರಿ ಲೈಬ್ರರಿಯಲ್ಲಿ ಊಟ ಮಾಡುವುದು ನಿಂತಿತ್ತು.

ಎಮಿಲಿಯ ಬಳಿ ಇದ್ದ ಹಳದಿ ಸ್ವೆಟರಿಗೆ ಜೋಡಿ ಹುಡುಕುತ್ತ ಮಧ್ಯಾಹ್ನದ ಊಟ ಬಿಟ್ಟು ಫ್ಯಾಕ್ಟೋರಿಯಾದ ಅಂಗಡಿಗಳನ್ನೆಲ್ಲ ಅಲೆದೆ. ಒಂದು ಕಡೆ ಹಳದಿ ಇದೆ, ಅಳತೆ ಇಲ್ಲ. ಇನ್ನೊಂದು ಕಡೆ ಅಳತೆ ಇದೆ, ಮುಂದೆ ದೊಡ್ಡ ನಾಯಿಯ ಚಿತ್ರ. ಯಾವ ದೇವರು ಹೇಳಿದ್ದ ಸ್ವೆಟರ್ ಹಾಕಿಕೊಂಡು ಬನ್ನಿ ಅಂತ ಎಂದು ಅಂಗಡಿಯಲ್ಲಿ ಕನ್ನಡದಲ್ಲೇ ಗೊಣಗಿದೆ. ಕೊನೆಗೂ ಸಿಕ್ಕಿತು. ಚರ್ಚಿನ ಪಾರ್ಕಿಂಗಿನಲ್ಲಿ, ಕಾರಿನ ಒಳದೀಪ ಹಾಕಿಕೊಂಡು, ಇಬ್ಬರನ್ನೂ ಹಿಂದಿನ ಸೀಟಿನಲ್ಲಿ ತಿರುಗಿಸಿ ಕೂರಿಸಿ ಎರಡೆರಡು ಜಡೆ ಹೆಣೆದೆ. ಸಿರಿಯದು ಒಂದು ನಿಮಿಷದ ಕೆಲಸ. ಎಮಿಲಿಯ ಬಂಗಾರದ ಬಣ್ಣದ ನುಣುಪು ಕೂದಲು ಹೆಣೆದಂತೆ ಹೆಣೆದಂತೆ ಬಿಚ್ಚಿಕೊಳ್ಳುತ್ತಿತ್ತು. ಬ್ಯಾಗಿನಲ್ಲಿದ್ದ ಕೊಬ್ಬರಿ ಎಣ್ಣೆಯ ಪುಟ್ಟ ಬಾಟಲಿ ತೆಗೆದು ಒಂದಿಷ್ಟು ಸವರಿದೆ, ಆಗ ಜಡೆ ನಿಂತಿತು. ಇಬ್ಬರೂ ಕೈ ಕೈ ಹಿಡಿದು ಮಳೆಯಲ್ಲಿ ಓಡಿದರು. ಒಬ್ಬಳು ಹಾಲಿನಂತೆ ಬೆಳ್ಳಗೆ, ಇನ್ನೊಬ್ಬಳು ನನ್ನಂತೆ ಕಪ್ಪಗೆ. ಒಳಗೆ ಕ್ಯಾರಲ್, “ಅಯ್ಯೋ, ಯಾರು ಯಾರೆಂದು ಗೊತ್ತೇ ಆಗುತ್ತಿಲ್ಲ!” ಎಂದು ಕಣ್ಣರಳಿಸಿದರು. ಸಿರಿ ಅಷ್ಟು ಜೋರಾಗಿ ನಕ್ಕದ್ದನ್ನು ಆ ಮನೆಗೆ ಬಂದ ಮೇಲೆ ನಾನು ಕೇಳಿಯೇ ಇರಲಿಲ್ಲ. ನನಗೆ ಬಹಳ ಸಂತೋಷವಾಯಿತು.

ಮಾರ್ಚಿನಲ್ಲಿ ಶಿಬಿರದ ವಿಷಯ ಬಂತು. ಶಾಲೆಗೆ ಬೇಸಿಗೆ ರಜೆ ಬಿಟ್ಟ ಕೂಡಲೇ ಒಂದು ವಾರ, ಮುಕಿಲ್ಟಿಯೊದಿಂದ ಕಾರುಗಳನ್ನೂ ಹೊರುವ ಹಡಗಾದ ಫೆರ್‍ರಿಯಲ್ಲಿ ಎದುರಿನ ದ್ವೀಪಕ್ಕೆ. ಮರದ ಕೋಣೆಗಳು, ಒಂದರ ಮೇಲೊಂದು ಮಂಚ, ಸಂಜೆ ಬೆಂಕಿ ಹಾಕಿಕೊಂಡು ಹಾಡು. ಆದರೆ ಆ ವರ್ಷದ ಪುಸ್ತಕವನ್ನು ಪೂರ್ತಿ ಮುಗಿಸಿದವರಿಗೆ ಮಾತ್ರ. ಮೇಲಿನ ಮಂಚ ಎಮಿಲಿಗೆ, ಕೆಳಗಿನದು ಸಿರಿಗೆ ಎಂದು ಇಬ್ಬರೂ ಅಂದೇ ತೀರ್ಮಾನ ಮಾಡಿದರು. ಸಿರಿ ತಾನೇ ಟಾರ್ಚಿಗೆ ಸೆಲ್ ಹಾಕಿ ದಿಂಬಿನ ಪಕ್ಕ ಇಟ್ಟುಕೊಂಡಳು. ಯಾವ ಮಗುವೂ ಅವಳನ್ನು ಹೀಗೆ ಬಾ ಎಂದು ಕರೆದಿರಲಿಲ್ಲ. ಆ ಶಿಬಿರಕ್ಕೆ ಅವಳು ಹೋಗಲೇಬೇಕು ಎಂದು ನಾನು ಮನಸ್ಸಿನಲ್ಲೇ ನಿಶ್ಚಯ ಮಾಡಿಬಿಟ್ಟೆ.

“ಒಂದು ವಾರನಾ? ಅವ್ರ ಜೊತೆನಾ?” ಎಂದು ರೂಪಾ ಬೆಚ್ಚಿದರು. “ಲತಾ, ನಾನು ಹೇಳೋದು ಹೇಳಿದೀನಿ. ಆಮೇಲೆ ನನ್ನ ಹತ್ರ ಬಂದು ಅಳಬೇಡಿ.”

ಮೇ ಬಂತು, ಸಂಜೆ ಎಂಟಾದರೂ ಬಿಸಿಲು. ಸಿರಿಯ ಪುಸ್ತಕದಲ್ಲಿ ಉಳಿದಿದ್ದು ಒಂದೇ ಪುಟ. ಅದರಲ್ಲಿ ಬಾಯಿಪಾಠಕ್ಕೆ ಏನೂ ಇರಲಿಲ್ಲ. ನೀನು ಕಲಿತದ್ದನ್ನು ನಂಬುತ್ತೀಯಾ, ನಿನ್ನ ಮಾತಿನಲ್ಲೇ ಹೇಳು ಎಂಬ ಒಂದು ಪ್ರಶ್ನೆ ಅಷ್ಟೆ. ಅದನ್ನು ಮಾತ್ರ ಕ್ಯಾರಲ್ ಮುಂದೆಯೇ ಹೇಳಬೇಕು, ನನ್ನ ಕುರ್ಚಿಗೆ ಆ ಅಧಿಕಾರ ಇಲ್ಲ. ಎಮಿಲಿ ಅದನ್ನು ಏಪ್ರಿಲ್‌ನಲ್ಲೇ ಮುಗಿಸಿದ್ದಳು. ಸಿರಿ ಒಂದು ಬುಧವಾರ ಮುಂದಕ್ಕೆ ಹಾಕಿದಳು, ಇನ್ನೊಂದು ಬುಧವಾರ ಮುಂದಕ್ಕೆ ಹಾಕಿದಳು. ಕೊನೆಯ ಬುಧವಾರದ ಹಿಂದಿನ ದಿನ, ನಾನು ಸಾರಿಗೆ ಹುಳಿ ಕಿವುಚುತ್ತಿದ್ದಾಗ, ಪುಸ್ತಕ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಅವಳು ಮಾತಾಡುವುದೆಲ್ಲ ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

“ಅಮ್ಮ, ಇದಕ್ಕೆ ಏನು ಹೇಳ್ಲಿ?”

“ಹೂಂ ನಂಬ್ತೀನಿ ಅಂತ ಹೇಳು.”

“ನಂಬ್ತೀನೋ ಇಲ್ವೋ ನಂಗೇ ಗೊತ್ತಿಲ್ಲ.”

“ಅಯ್ಯೋ, ಹೇಳ್ಬಿಡೇ ಅಂದ್ರೆ! ಒಂದು ಸಾಲು. ಎಷ್ಟು ಸಾಲು ಹೇಳಿಲ್ಲ ನೀನು? ಶ್ಲೋಕ ಹೇಳಲ್ವಾ? ಅದ್ರಲ್ಲಿ ಒಂದು ಪದದ ಅರ್ಥ ಗೊತ್ತಾ ನಿಂಗೆ? ಹೇಳಿ ಬಾ, ಶಿಬಿರಕ್ಕೆ ಹೋಗು, ಮುಗೀತು.”

ಸಿರಿ ನನ್ನನ್ನು ವಿಚಿತ್ರವಾಗಿ ನೋಡಿದಳು. “ಅದೆಲ್ಲ ಬಾಯಿಪಾಠ ಅಮ್ಮ. ಇದು ಬಾಯಿಪಾಠ ಅಲ್ಲ. ಇದು ಪ್ರಶ್ನೆ.”

“ನಾಗೇಶ, ನೀನಾದ್ರೂ ಹೇಳು ಇವಳಿಗೆ!”

ನಡುಮನೆಯಿಂದ ಅವನ ಉತ್ತರ ಬಂತು. “ಅವಳಿಷ್ಟ ಬಿಡೆ.”

ಹುಳಿಯ ಕೈಯಲ್ಲೇ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಎಂಟು ತಿಂಗಳಿನಿಂದ ಊರೆಲ್ಲ ಹೆದರಿದ್ದು ಈ ಹುಡುಗಿ ಎಲ್ಲಿ ಕ್ರಿಶ್ಚಿಯನ್ ಆಗಿಬಿಡುತ್ತಾಳೋ ಎಂದು. ಈಗ ದಿನಾ ಬೆಳಗ್ಗೆ ದೇವರ ಮುಂದೆ ದೀಪ ಹಚ್ಚುವ ನಾನೇ ನಂಬುತ್ತೇನೆಂದು ಹೇಳಿ ಬಾರೇ ಎಂದು ಗೋಗರೆಯುತ್ತಿದ್ದೇನೆ, ಇವಳು ಹೇಳುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ರೂಪಾ ಈ ದೃಶ್ಯ ನೋಡಬೇಕಿತ್ತು.

ಮರುದಿನ ಚರ್ಚಿನ ಹಾಲಿನ ಆ ತುದಿಯಲ್ಲಿ ಸಿರಿ ಕ್ಯಾರಲ್ ಎದುರು ಕೂತದ್ದು ನನ್ನ ಮೂಲೆಗೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ನನ್ನೆದುರು ಒಬ್ಬ ಹುಡುಗ ಒಪ್ಪಿಸುತ್ತಿದ್ದ. ಅವನು ಮೂರು ಪದ ನುಂಗಿದರೂ ಗಮನವಿಲ್ಲದೆ ಪಾಸ್ ಮಾಡಿದೆನಂತೆ, ಅವನೇ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಸಿರಿ ಎದ್ದು ಹೋಗಿ ಗೋಡೆಗೆ ಒರಗಿ ಕೂತಳು. ಬ್ಯಾಡ್ಜು ಕೊಡುವಾಗ ಎಮಿಲಿಯ ಹೆಸರು ಕರೆದರು, ಇನ್ನೂ ಹಲವರ ಹೆಸರು ಕರೆದರು, ಸಿರಿಯ ಹೆಸರು ಕರೆಯಲಿಲ್ಲ. ಎಮಿಲಿ ವೇದಿಕೆಯ ಮೇಲಿಂದ ಸಿರಿಯನ್ನೇ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಕುರ್ಚಿಗಳನ್ನು ಮಡಚಿಡುತ್ತಿದ್ದ ಕ್ಯಾರಲ್ ಮುಂದೆ ಹೋಗಿ ನಿಂತೆ. ಪರೀಕ್ಷೆಯಲ್ಲಿ ಮಾರ್ಕು ಕಡಿಮೆ ಬಂದರೆ ನಮ್ಮ ಕಡೆಯ ಅಪ್ಪ ಅಮ್ಮಂದಿರು ಟೀಚರ್ ಹತ್ತಿರ ಹೋಗುತ್ತಾರಲ್ಲ, ಹಾಗೆಯೇ.

“ಇಡೀ ಪುಸ್ತಕ ಅವಳಿಗೆ ಬಾಯಿಗೆ ಬರುತ್ತದೆ. ಒಂದು ಪದ ತಪ್ಪಿಲ್ಲ. ವೇದಿಕೆ ಹತ್ತಿದವರಲ್ಲಿ ಅರ್ಧ ಜನಕ್ಕೆ ನೀವು ಎರಡೆರಡು ಸಲ ಹೇಳಿಕೊಟ್ಟಿದ್ದೀರಿ. ನನ್ನ ಮಗಳನ್ನು ಯಾಕೆ ಫೇಲ್ ಮಾಡಿದಿರಿ?”

ಕ್ಯಾರಲ್ ಕುರ್ಚಿಯನ್ನು ಕೆಳಗಿಟ್ಟರು. ಮೊದಲ ಸಲ ಅವರ ಮುಖದಲ್ಲಿ ನಗು ಇರಲಿಲ್ಲ.

“ನಾನು ಫೇಲ್ ಮಾಡಲಿಲ್ಲ, ಲತಾ. ನಂಬುತ್ತೀಯಾ ಎಂದು ಕೇಳಿದೆ. ಗೊತ್ತಿಲ್ಲ, ಸುಳ್ಳು ಹೇಳಲು ಇಷ್ಟವಿಲ್ಲ ಅಂದಳು. ಆಮೇಲೆ, ಎಮಿಲಿ ಜೊತೆ ಹೋಗಬೇಕೆಂದು ತುಂಬ ಆಸೆ ಇದೆ ಅಂತಲೂ ಅಂದಳು. ನನಗೆ ಅಳು ಬಂತು.”

“ಹಾಗಾದರೆ ಕಳಿಸಿ! ಚಿಕ್ಕ ಹುಡುಗಿ. ಅಷ್ಟೂ ಬಿಟ್ಟುಕೊಡಲು ಆಗುವುದಿಲ್ಲವಾ?”

“ಗೊತ್ತಿಲ್ಲ ಅಂದವಳು ಗೊತ್ತು ಅಂದಳೆಂದು ನಾನು ಹೇಗೆ ಬರೆಯಲಿ?” ಎಂದರು ಕ್ಯಾರಲ್. “ಒಂದು ಪದ ತಪ್ಪಿದರೆ ನೀವೇ ಪಾಸ್ ಮಾಡುವುದಿಲ್ಲ.”

ಅವರ ಮಾತು ಸರಿಯಿತ್ತು, ಅದಕ್ಕೇ ನನ್ನ ಸಿಟ್ಟು ಇನ್ನೂ ಏರಿತು. ಸರಿಯಾಗಿ ಮಾತಾಡುವವರ ಜೊತೆ ಜಗಳ ಆಡುವುದು ಎಷ್ಟು ಕಷ್ಟವೆಂದು ಆ ದಿನ ಗೊತ್ತಾಯಿತು. ಸಿರಿಯ ಕೈ ಹಿಡಿದು ಎಳೆದುಕೊಂಡೇ ಕಾರಿಗೆ ಬಂದೆ. ಎಮಿಲಿ ಹಿಂದಿನ ಸೀಟಿನಲ್ಲಿ ಕಿಟಕಿಯತ್ತ ತಿರುಗಿ ಕೂತಳು.

ಶಿಬಿರಕ್ಕೆ ಹೊರಡುವ ದಿನ ಎಮಿಲಿಯನ್ನು ಕಳಿಸಲು ಮುಕಿಲ್ಟಿಯೊಗೆ ಹೋಗಲೇಬೇಕೆಂದು ಸಿರಿ ಹಟ ಮಾಡಿದಳು. ಏನು ಚಂದಕ್ಕೆ ಎಂದು ಬೈದೆ, ಆದರೂ ಕರೆದುಕೊಂಡು ಹೋದೆ. ಗಾಳಿಗೆ ನೀರಿನ ಉಪ್ಪು ವಾಸನೆ ಬರುತ್ತಿತ್ತು, ಕಾರುಗಳು ಫೆರ್‍ರಿಯ ಹೊಟ್ಟೆಯೊಳಗೆ ಒಂದೊಂದಾಗಿ ಹೋಗುತ್ತಿದ್ದವು. ಚೀಲ ಹೊತ್ತ ಮಕ್ಕಳನ್ನು ಕ್ಯಾರಲ್ ಸಾಲಾಗಿ ನಿಲ್ಲಿಸುತ್ತಿದ್ದರು. ನನ್ನನ್ನು ನೋಡಿ ಕೈ ಎತ್ತಿದರು. ನಾನೂ ಎತ್ತಿದೆ, ಪೂರ್ತಿ ಅಲ್ಲ. ಸಿರಿ ಸೀದಾ ಎಮಿಲಿಯ ಹತ್ತಿರ ಹೋಗಿ ತನ್ನ ಟಾರ್ಚನ್ನು ಅವಳ ಕೈಗೆ ಕೊಟ್ಟಳು.

“ನೀನು ಹೇಳ್ಬಹುದಿತ್ತು,” ಎಂದಳು ಎಮಿಲಿ. ಅವಳ ಕಣ್ಣು ಕೆಂಪಗಿತ್ತು. “ಒಂದು ಮಾತು. ನಾನು ಹೇಳಿದೆ. ಎಲ್ಲರೂ ಹೇಳಿದರು. ನೀನು ನನಗೋಸ್ಕರ ಅಷ್ಟೂ ಹೇಳಲಿಲ್ಲ.”

ಎಮಿಲಿ ಟಾರ್ಚನ್ನು ಚೀಲಕ್ಕೆ ತುರುಕಿ ತಿರುಗಿ ನೋಡದೆ ಹೋದಳು. ಸ್ಕೂಲು ಮತ್ತೆ ಶುರುವಾಗುವವರೆಗೂ ಆ ಮುನಿಸು ಬಿಡಲಿಲ್ಲ. ಬೇಸಿಗೆಯೆಲ್ಲ ಅವಳು ನಮ್ಮ ಮನೆಯ ಮುಂದೆ ಸೈಕಲ್ಲಿನಲ್ಲಿ ಹಾದುಹೋಗುವಾಗ ಸಿರಿ ಕಿಟಕಿಯಲ್ಲಿ ನಿಂತಿರುವುದನ್ನು ನಾನು ನೋಡಬೇಕಾಯಿತು.

ಫೆರ್‍ರಿ ಹೊರಟಿತು. ಅದು ಸಣ್ಣದಾಗುವವರೆಗೂ ಸಿರಿ ಕಂಬಿ ಹಿಡಿದು ನಿಂತಿದ್ದಳು. ಕಾರಿಗೆ ಬಂದು ಬೆಲ್ಟ್ ಹಾಕಿಕೊಂಡು ಹೊರಟ ಮೇಲೆ ಅಳತೊಡಗಿದಳು. ಜೋರಾಗಿ, ಮೂಗು ಸೋರುವಂತೆ, ಸಣ್ಣ ಮಗುವಿನ ಹಾಗೆ ಅತ್ತಳು. ನನಗೆ ಸಿಟ್ಟು ಬಂತು. ಎಮಿಲಿಯ ಮೇಲೆ, ಕ್ಯಾರಲ್ ಮೇಲೆ, ಇವಳ ಮೇಲೆ, ಒಬ್ಬರನ್ನೂ ಬಿಡದೆ ಎಲ್ಲರ ಮೇಲೆ.

“ಅಳಬೇಡ. ಹೇಳಿದ್ರೆ ಆಗ್ತಿತ್ತು ಅಂತ ನಾನು ಬಡ್ಕೊಂಡೆ. ಕೇಳಿದ್ಯಾ ನೀನು?”

ಸಿರಿ ತೋಳಿನಿಂದ ಮೂಗು ಒರೆಸಿಕೊಂಡಳು. “ಅಮ್ಮ, ನೀನು ಬೆಳಗ್ಗೆ ದೀಪ ಹಚ್ಚಿ ಶ್ಲೋಕ ಹೇಳ್ತೀಯಲ್ಲ. ನಂಬಿ ಹೇಳ್ತೀಯಾ?”

ಹಿಂದಿನ ಕಾರಿನವನು ಹಾರ್ನ್ ಹೊಡೆದ. ನಾನು ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಿದೆ. ಹೂಂ ಎಂದುಬಿಡಬಹುದಿತ್ತು. ಆದರೆ ಸುಳ್ಳು ಹೇಳಲಾರದೆ ಶಿಬಿರವನ್ನೂ ಗೆಳತಿಯನ್ನೂ ಕಳೆದುಕೊಂಡು ಕೂತವಳ ಮುಂದೆ ನನಗೆ ಹಾಗೆನ್ನಲು ಆಗಲಿಲ್ಲ.

“ಕೆಲವು ದಿನ ನಂಬಿಕೆ ಇರುತ್ತೆ ಕಣೆ,” ಎಂದೆ. “ಕೆಲವು ದಿನ ಬಾಯಿ ಹೇಳ್ತಿರುತ್ತೆ, ಮನಸ್ಸೆಲ್ಲ ಒಲೆ ಮೇಲಿರೋ ಹಾಲಿನ ಮೇಲೆ. ಉಕ್ಕಿಬಿಡುತ್ತೇನೋ ಅಂತ.”

ಅವಳ ಅಳು ನಿಂತಿತು. ನನ್ನನ್ನೇ ದಿಟ್ಟಿಸಿದಳು.

“ಹಾಗೂ ಹೇಳಬಹುದಾ? ಕೆಲವು ದಿನ ಅಂತ?”

“ಹೇಳಬಹುದು. ಯಾಕೆ?”

“ಇದನ್ನ ಮೊದಲೇ ಹೇಳೋಕೇನಾಗಿತ್ತು ಅಮ್ಮ ನಿಂಗೆ?” ಎಂದು ಕಿರುಚಿದಳು ಸಿರಿ. “ನಂಗೂ ಕೆಲವು ಬುಧವಾರ ನಂಬಿಕೆ ಇರ್ತಿತ್ತು. ಕ್ಯಾರಲ್ ಹತ್ರ ಅದನ್ನೇ ಹೇಳ್ತಿದ್ದೆ.”